ಲ್ಯಾಬಿನ ಅಷ್ಟೂ ಕಂಪ್ಯೂಟರಿಗೆ ಒಂದೇ ಕಂಪೈಲರ್: ಪ್ಯಾಕೇಜ್ ಕಟ್ಟುವುದು ಹೇಗೆ?

ದಾವಣಗೆರೆ, ಚಿತ್ರದುರ್ಗದ ಕಡೆ ಇಂಜಿನಿಯರಿಂಗ್, ಡಿಪ್ಲೊಮಾ ಕಾಲೇಜುಗಳ ಲ್ಯಾಬ್‌ಗಳಲ್ಲಿ ಸೆಮಿಸ್ಟರ್ ಶುರುವಾಗುವ ಮುಂಚೆ ಒಂದು ಕೆಲಸ ತಪ್ಪದೆ ನಡೆಯುತ್ತದೆ. ಯಾರೋ ಒಬ್ಬರು ಕಂಪೈಲರ್ (ಬರೆದ ಕೋಡನ್ನು ಓಡುವ ಪ್ರೋಗ್ರಾಂ ಆಗಿ ಬದಲಿಸುವ ಟೂಲ್) ಇರುವ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಒಂದೊಂದೇ ಮಷಿನ್‌ಗೆ ಕಾಪಿ ಮಾಡುತ್ತಾ ಹೋಗುತ್ತಾರೆ. ಕಾಪಿ ಆದಂತೆ ಕಾಣುತ್ತದೆ, ಓಡಿಸಿದರೆ ಓಡುವುದಿಲ್ಲ. ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಫ್ಯಾಟ್ ಮಾದರಿಯವು, ಲಿನಕ್ಸಿನ ಸಿಮ್‌ಲಿಂಕ್ (ಬೇರೆ ಫೈಲಿಗೆ ಕೈತೋರಿಸುವ ಫೈಲ್) ಮತ್ತು ಪರ್ಮಿಷನ್ ಅದರಲ್ಲಿ ಉಳಿಯುವುದಿಲ್ಲ. ಕಂಪೈಲರ್ ಫೋಲ್ಡರ್ ತುಂಬ ಇರುವುದೇ ಅವು.

ಸರಿಯಾದ ದಾರಿ ಡೆಬ್ ಪ್ಯಾಕೇಜ್, ಅಂದರೆ ಉಬುಂಟು, ಡೆಬಿಯನ್ ಲಿನಕ್ಸಿನ ಇನ್‌ಸ್ಟಾಲ್ ಫೈಲ್. ಒಂದೇ ಫೈಲ್, ಹಾಕುವುದಕ್ಕೆ ಒಂದೇ ಕಮಾಂಡ್, ತೆಗೆಯುವುದಕ್ಕೂ ಒಂದೇ. ಇಲ್ಲಿ ಜಿಸಿಸಿ (ಗ್ನೂ ಯೋಜನೆಯ ಸಿ, ಸಿ++ ಕಂಪೈಲರ್) ಮತ್ತು ಬೈಸನ್ (ವ್ಯಾಕರಣ ನಿಯಮಗಳಿಂದ ಪಾರ್ಸರ್ ಕೋಡ್ ಮಾಡಿಕೊಡುವ ಟೂಲ್) ಇಟ್ಟುಕೊಂಡು ಹೇಳುತ್ತೇನೆ, ಬೇರೆ ಕಂಪೈಲರಿಗೂ ದಾರಿ ಹೆಚ್ಚುಕಡಿಮೆ ಇದೇ.

ಮೊದಲು ಒಂದು ಮಾತು. ಉಬುಂಟು ಜೊತೆಗೆ ಬರುವ ಜಿಸಿಸಿಯೇ ನಿಮಗೆ ಸಾಕು ಅನ್ನುವುದಾದರೆ ಬಿಲ್ಡ್-ಎಸೆನ್ಷಿಯಲ್ ಇನ್‌ಸ್ಟಾಲ್ ಮಾಡಿ ಮುಗಿಸಿ. ಸುಮ್ನೆ ಇಷ್ಟೆಲ್ಲ ಕಷ್ಟಪಡಬೇಡಿ. ಹೊಸ ಆವೃತ್ತಿ ಬೇಕು, ಅಥವಾ ಉಬುಂಟು 20.04 ಮತ್ತು 22.04 ಎರಡೂ ಇರುವ ಲ್ಯಾಬಿನಲ್ಲಿ ಎಲ್ಲರಿಗೂ ಒಂದೇ ಕಂಪೈಲರ್ ಇರಬೇಕು ಅಂದಾಗ ಮಾತ್ರ ಮುಂದೆ ಓದಿ. ಇನ್ನೂ ಟರ್ಬೊ ಸಿ ಹಾಕಿಸುವವರಿಗೂ ಒಂದು ಮಾತು: ಅದು ಡಾಸ್ ಕಾಲದ್ದು, ಸಿ++ ಭಾಷೆಗೆ ಅಂತರರಾಷ್ಟ್ರೀಯ ಮಾನದಂಡ ಬಂದ 1998ಕ್ಕಿಂತಲೂ ಹಿಂದಿನದ್ದು. ಅದರಲ್ಲಿ ಕಲಿತ ಮಕ್ಕಳು ಕೆಲಸದ ಸಂದರ್ಶನಕ್ಕೆ ಹೋಗಿ ಕಷ್ಟಪಡುತ್ತಾರೆ. ದಯವಿಟ್ಟು ಬಿಟ್ಟುಬಿಡಿ.

ಬಿಲ್ಡ್ ಮಾಡುವ ಮಷಿನ್

ಲ್ಯಾಬಿನಲ್ಲಿ ಅತಿ ಹಳೆಯ ಉಬುಂಟು ಯಾವುದರಲ್ಲಿದೆಯೋ ಅದೇ ಆವೃತ್ತಿಯಲ್ಲಿ ಬಿಲ್ಡ್ ಮಾಡಿ. 20.04ರಲ್ಲಿ ಇರುವ ಜಿಲಿಬ್‌ಸಿ (ಹೆಚ್ಚಿನ ಪ್ರೋಗ್ರಾಂಗಳು ಬಳಸುವ ಮೂಲ ಸಿ ಲೈಬ್ರರಿ) 2.31, 22.04ರಲ್ಲಿ 2.35. ಹಳೆಯದರ ಮೇಲೆ ಕಟ್ಟಿದ್ದು ಹೊಸದರಲ್ಲಿ ಓಡುತ್ತದೆ. ಹೊಸದರ ಮೇಲೆ ಕಟ್ಟಿದ್ದನ್ನು ಹಳೆಯದಕ್ಕೆ ಒಯ್ದರೆ, ಇಂಥ ಜಿಲಿಬ್‌ಸಿ ಸಿಗಲಿಲ್ಲ ಅಂತ ಎರರ್ ಕೊಟ್ಟು ನಿಲ್ಲುತ್ತದೆ. ಸ್ಪೀಡ್ ಇದೆ ಅಂತ ಎಚ್‌ಒಡಿ ರೂಮಿನ ಹೊಸ ಮಷಿನ್‌ನಲ್ಲಿ ಬಿಲ್ಡ್ ಮಾಡುವ ಆಸೆ ಬೇಡ. ಅಲ್ಲೇ ಮಾಡಬೇಕಾದರೆ ಹಳೆಯ ಉಬುಂಟುವಿನ ಕಂಟೇನರ್ (ಅದೇ ಮಷಿನ್‌ನಲ್ಲಿ ಪ್ರತ್ಯೇಕವಾಗಿ ಓಡುವ ಇನ್ನೊಂದು ಉಬುಂಟು ಪರಿಸರ) ಒಳಗೆ ಮಾಡಿ.

ಸೋರ್ಸ್ ತಂದು ಬಿಲ್ಡ್ ಮಾಡುವುದು

ಗ್ನೂ ತಾಣದಿಂದ ಸೋರ್ಸ್ ಇಳಿಸಿ, ಸಹಿ ಸರಿ ಇದೆಯಾ ನೋಡಿ, ಬಿಚ್ಚಿ. ಒಳಗಿರುವ ಡೌನ್‌ಲೋಡ್-ಪ್ರಿರಿಕ್ವಿಸಿಟ್ಸ್ ಸ್ಕ್ರಿಪ್ಟ್ ಓಡಿಸಿದರೆ ಜಿಎಂಪಿ, ಎಂಪಿಎಫ್‌ಆರ್, ಎಂಪಿಸಿ ಅನ್ನುವ ಗಣಿತದ ಲೈಬ್ರರಿಗಳನ್ನು ತಾನೇ ತಂದುಕೊಂಡು ಕಂಪೈಲರ್ ಒಳಗೇ ಸೇರಿಸಿಕೊಳ್ಳುತ್ತದೆ, ಆಮೇಲೆ ಪ್ರತಿ ಮಷಿನ್‌ನಲ್ಲೂ ಅವನ್ನು ಹಾಕುವ ತಲೆನೋವು ಇರುವುದಿಲ್ಲ. ಸೋರ್ಸ್ ಫೋಲ್ಡರಿನ ಒಳಗೆ ಬಿಲ್ಡ್ ಮಾಡಬೇಡಿ, ಪಕ್ಕದಲ್ಲಿ ಬೇರೆ ಫೋಲ್ಡರ್ ಮಾಡಿಕೊಳ್ಳಿ. ಸಿ ಮತ್ತು ಸಿ++ ಎರಡೇ ಭಾಷೆ ಸಾಕು. ಮಲ್ಟಿಲಿಬ್ (32-ಬಿಟ್ ಲೈಬ್ರರಿಗಳನ್ನೂ ಜೊತೆಗೆ ಕಟ್ಟುವುದು) ಆಫ್ ಮಾಡಿ.

ಜಿಸಿಸಿ ತನ್ನನ್ನು ತಾನೇ ಮೂರು ಸುತ್ತು ಕಟ್ಟಿಕೊಂಡು, ಕೊನೆಯ ಎರಡು ಸುತ್ತಿನ ಫಲಿತಾಂಶವನ್ನು ಹೋಲಿಸಿ ನೋಡುತ್ತದೆ. ಅದಕ್ಕೇ ಅಷ್ಟು ಹೊತ್ತು ಹಿಡಿಯುವುದು. ಬೇಗ ಆಗಲಿ ಅಂತ ಈ ಮೂರು ಸುತ್ತಿನ ಬೂಟ್‌ಸ್ಟ್ರ್ಯಾಪ್ ಆಫ್ ಮಾಡುವವರಿದ್ದಾರೆ. ಇಡೀ ಲ್ಯಾಬಿಗೆ ಹೋಗುವ ಕಂಪೈಲರಿಗೆ ಆ ಶಾರ್ಟ್‌ಕಟ್ ಬೇಡ. ಮಧ್ಯೆ ಕರೆಂಟ್ ಹೋದರೆ ಗಾಬರಿ ಬೀಳಬೇಡಿ, ಮತ್ತೆ ಮೇಕ್ ಕಮಾಂಡ್ ಕೊಟ್ಟರೆ ನಿಂತಲ್ಲಿಂದ ಮುಂದುವರಿಯುತ್ತದೆ.

ಎಲ್ಲರೂ ಎಡವುವ ಜಾಗ

ಇಲ್ಲಿ ನಿಧಾನವಾಗಿ ಓದಿ. ಕಾನ್ಫಿಗರ್ (ಬಿಲ್ಡಿಗೆ ಮುಂಚೆ ಆಯ್ಕೆಗಳನ್ನು ಕೊಡುವ ಹಂತ) ಮಾಡುವಾಗ ಪ್ರಿಫಿಕ್ಸ್ ಅಂತ ಒಂದು ದಾರಿ ಕೊಡುತ್ತೀರಿ. ಮೇಕ್ ಇನ್‌ಸ್ಟಾಲ್ ಮಾಡುವಾಗ ಡೆಸ್ಟ್‌ಡಿರ್ ಅಂತ ಇನ್ನೊಂದು ಕೊಡಬಹುದು. ಇವೆರಡೂ ಒಂದೇ ಅಲ್ಲ. ಎಪಿಎಂಸಿ ಗೋದಾಮಿನಲ್ಲಿ ಮೆಕ್ಕೆಜೋಳದ ಚೀಲ ಇಟ್ಟಿರುತ್ತಾರಲ್ಲ, ಅದರ ಚೀಟಿ ಮೇಲೆ ಹೋಗಬೇಕಾದ ಊರಿನ ಹೆಸರು ಇರಬೇಕೇ ಹೊರತು ಗೋದಾಮಿನ ಹೆಸರಲ್ಲ. ಪ್ರಿಫಿಕ್ಸ್ ಅಂದರೆ ಆ ಊರು, ಡೆಸ್ಟ್‌ಡಿರ್ ಅಂದರೆ ಗೋದಾಮು.

ನಾನು ನೋಡಿದ ಹೆಚ್ಚಿನವರು ತಾವು ಪ್ಯಾಕೇಜ್ ಕಟ್ಟುವ ಹೋಮ್ ಫೋಲ್ಡರನ್ನೇ ಪ್ರಿಫಿಕ್ಸ್ ಆಗಿ ಕೊಟ್ಟುಬಿಡುತ್ತಾರೆ. ಆ ದಾರಿ ಪ್ರೋಗ್ರಾಂಗಳ ಹೊಟ್ಟೆಯೊಳಗೆ ಅಚ್ಚಾಗಿ ಕೂರುತ್ತದೆ. ಕಟ್ಟಿದ ಮಷಿನ್‌ನಲ್ಲಿ ಆ ಫೋಲ್ಡರ್ ಇನ್ನೂ ಇರುವುದರಿಂದ ಎಲ್ಲ ಚೆನ್ನಾಗಿಯೇ ನಡೆಯುತ್ತದೆ. ಅದೂ ಅಲ್ಲದೆ ಜಿಸಿಸಿ ತಾನು ಎಲ್ಲಿದ್ದೇನೆ ಅಂತ ನೋಡಿಕೊಂಡು ತನ್ನ ಭಾಗಗಳನ್ನು ಹುಡುಕಿಕೊಳ್ಳುವಷ್ಟು ಜಾಣ, ಹಾಗಾಗಿ ಬೇರೆ ಮಷಿನ್‌ನಲ್ಲೂ ತಪ್ಪು ತಕ್ಷಣ ಕಾಣುವುದಿಲ್ಲ. ಬೈಸನ್ ಅಷ್ಟು ಜಾಣ ಅಲ್ಲ. ತನ್ನ ಡೇಟಾ ಫೋಲ್ಡರಿನ ಪೂರ್ತಿ ವಿಳಾಸವನ್ನು ಬರೆದಿಟ್ಟುಕೊಂಡು ಅಲ್ಲೇ ಹುಡುಕುತ್ತದೆ. ಲೆಕ್ಸ್-ಯಾಕ್ ಪ್ರಾಕ್ಟಿಕಲ್ ದಿನ (ಯಾಕ್ ಜಾಗದಲ್ಲಿ ಓಡುವುದು ಬೈಸನ್ನೇ) ಮಕ್ಕಳು ಫೈಲ್ ಕೊಟ್ಟಾಗ ಅದು ಕೈಕೊಡುತ್ತದೆ, ಪಾಪ ಮಕ್ಕಳು ತಮ್ಮ ವ್ಯಾಕರಣದಲ್ಲೇ ತಪ್ಪಿದೆ ಅಂತ ಹುಡುಕುತ್ತಾ ಕೂರುತ್ತಾರೆ.

ಹಾಗಾಗಿ ಹೀಗೆ ಮಾಡಿ. ಪ್ರಿಫಿಕ್ಸ್ ಅನ್ನು ಆಪ್ಟ್ ಫೋಲ್ಡರಿನ ಒಳಗೆ ಕೊಡಿ, ಲ್ಯಾಬ್‌ಸಿಸಿ ಅಂತ ಹೆಸರಿಡಿ. ಯುಎಸ್‌ಆರ್ ಲೋಕಲ್ ಫೋಲ್ಡರ್ ಬೇಡ, ಡೆಬ್ ಪ್ಯಾಕೇಜುಗಳು ಅದರೊಳಗೆ ಫೈಲ್ ಇಡಬಾರದು ಅಂತ ಡೆಬಿಯನ್ ನಿಯಮವೇ ಇದೆ. ಆಮೇಲೆ ಡೆಸ್ಟ್‌ಡಿರ್ ಆಗಿ ಒಂದು ಖಾಲಿ ಫೋಲ್ಡರ್ ಕೊಟ್ಟು ಇನ್‌ಸ್ಟಾಲ್-ಸ್ಟ್ರಿಪ್ ಮಾಡಿ. ಸ್ಟ್ರಿಪ್ ಆದರೆ, ಅಂದರೆ ಡೀಬಗ್ ಮಾಹಿತಿ ಹೋದರೆ, ಸೈಜ್ ಕೂಡ ಎಷ್ಟೋ ಇಳಿಯುತ್ತದೆ. ಬೈಸನ್‌ಗೂ ಇದೇ ಪ್ರಿಫಿಕ್ಸ್, ಇದೇ ಡೆಸ್ಟ್‌ಡಿರ್. ಮುಗಿದ ಮೇಲೆ ಗ್ರೆಪ್ (ಫೈಲುಗಳೊಳಗೆ ಪದ ಹುಡುಕುವ ಕಮಾಂಡ್) ಹಾಕಿ ನಿಮ್ಮ ಹೋಮ್ ಫೋಲ್ಡರಿನ ಹೆಸರು ಆ ಡೆಸ್ಟ್‌ಡಿರ್ ಫೋಲ್ಡರಿನಲ್ಲಿ ಎಲ್ಲಾದರೂ ಉಳಿದಿದೆಯಾ ಹುಡುಕಿ. ಬೈಸನ್‌ಗೆ ಪ್ರಿಂಟ್-ಡೇಟಾಡಿರ್ ಆಯ್ಕೆ ಕೊಟ್ಟರೆ ತಾನು ನಂಬಿರುವ ವಿಳಾಸ ಯಾವುದು ಅಂತ ಅದೇ ಹೇಳುತ್ತದೆ. ಅಲ್ಲಿ ಆಪ್ಟ್ ಕಂಡರೆ ಸರಿ. ನಿಮ್ಮ ಹೆಸರು ಕಂಡರೆ ಕಾನ್ಫಿಗರ್‌ನಿಂದ ಮತ್ತೆ ಶುರು ಮಾಡಿ, ಕೈಯಿಂದ ತಿದ್ದಲು ಹೋಗಬೇಡಿ.

ಹೆಸರು ಮತ್ತು ಸಿ++ ಲೈಬ್ರರಿ

ಸಿಸ್ಟಂನ ಜಿಸಿಸಿ ಹೆಸರನ್ನು ಮುಟ್ಟಬೇಡಿ. ಗ್ರಾಫಿಕ್ಸ್ ಡ್ರೈವರಿನಂಥ ಕರ್ನಲ್ ಮಾಡ್ಯೂಲುಗಳು ಅದನ್ನೇ ನಂಬಿಕೊಂಡಿರುತ್ತವೆ. ಕಾನ್ಫಿಗರ್ ಮಾಡುವಾಗಲೇ ಪ್ರೋಗ್ರಾಂ-ಸಫಿಕ್ಸ್ ಕೊಟ್ಟು ಜಿಸಿಸಿ-ಲ್ಯಾಬ್ ಅಂತ ಬೇರೆ ಹೆಸರು ಮಾಡಿ.

ಸಿ++ ಪ್ರೋಗ್ರಾಂ ಕಂಪೈಲ್ ಆಗಿ, ಓಡಿಸುವಾಗ ಜಿಲಿಬ್‌ಸಿಎಕ್ಸ್‌ಎಕ್ಸ್ ಸಿಗಲಿಲ್ಲ ಅಂದರೆ ಅದು ಸಿಸ್ಟಂನ ಹಳೆಯ ಸಿ++ ಲೈಬ್ರರಿಯನ್ನು ಎತ್ತಿಕೊಂಡಿದೆ ಅಂತ ಅರ್ಥ. ಎಲ್‌ಡಿ-ಲೈಬ್ರರಿ-ಪಾತ್ (ಲೈಬ್ರರಿಗಳನ್ನು ಎಲ್ಲಿ ಹುಡುಕಬೇಕು ಅನ್ನುವ ಸೆಟ್ಟಿಂಗ್) ಬದಲಿಸಿ ಅಂತ ಎಲ್ಲರೂ ಹೇಳುತ್ತಾರೆ. ನಾನು ಬೇಡ ಅನ್ನುತ್ತೇನೆ, ಸಂಬಂಧವೇ ಇಲ್ಲದ ಬೇರೆ ಪ್ರೋಗ್ರಾಂಗಳೂ ಅದಕ್ಕೆ ಸಿಕ್ಕಿಕೊಳ್ಳುತ್ತವೆ. ಲ್ಯಾಬಿನ ಮೇಕ್‌ಫೈಲಿನಲ್ಲಿ ಸಿ++ ಲೈಬ್ರರಿಯನ್ನು ಸ್ಟ್ಯಾಟಿಕ್ ಆಗಿ, ಅಂದರೆ ಪ್ರೋಗ್ರಾಂ ಒಳಗೇ, ಸೇರಿಸುವ ಆಯ್ಕೆ ಹಾಕಿಬಿಡಿ.

ಪ್ಯಾಕ್ ಮಾಡುವುದು

ಡೆಸ್ಟ್‌ಡಿರ್ ಫೋಲ್ಡರಿನ ಒಳಗೆ ಡೆಬಿಯನ್ ಅಂತ ದೊಡ್ಡಕ್ಷರದಲ್ಲಿ ಒಂದು ಫೋಲ್ಡರ್, ಅದರಲ್ಲಿ ಕಂಟ್ರೋಲ್ ಫೈಲ್. ಹೆಸರು, ಆವೃತ್ತಿ, ಆರ್ಕಿಟೆಕ್ಚರ್, ಮೇಂಟೇನರ್, ವಿವರಣೆ ಬರೆಯಿರಿ. ಆವೃತ್ತಿ ಅಂಕಿಯಿಂದ ಶುರುವಾಗಲಿ, ಫೈಲಿನ ಕೊನೆಯಲ್ಲಿ ಒಂದು ಎಂಟರ್ ಇರಲಿ. ಡಿಪೆಂಡ್ಸ್ ಸಾಲಿನಲ್ಲಿ (ಜೊತೆಗೆ ಇರಲೇಬೇಕಾದ ಪ್ಯಾಕೇಜುಗಳ ಪಟ್ಟಿ) ಬಿನ್‌ಯುಟಿಲ್ಸ್, ಲಿಬ್‌ಸಿ6-ಡೆವ್, ಎಂ4, ಮೇಕ್ ಹಾಕಿ. ಜಿಸಿಸಿಗೆ ಅಸೆಂಬ್ಲರ್, ಲಿಂಕರ್ ಅದರದ್ದೇ ಇರುವುದಿಲ್ಲ, ಬಿನ್‌ಯುಟಿಲ್ಸ್‌ನಿಂದ ಬರಬೇಕು. ಲಿಬ್‌ಸಿ6-ಡೆವ್ ಮರೆತರೆ ಎಸ್‌ಟಿಡಿಐಒ ಹೆಡರ್ ಕೂಡ ಸಿಗುವುದಿಲ್ಲ. ಬೈಸನ್ ಕೆಲಸ ಮಾಡುವುದಕ್ಕೆ ಎಂ4 ಬೇಕು.

ಇನ್ನೇನಾದರೂ ಬೇಕಾ ಅಂತ ಎಲ್‌ಡಿಡಿ (ಪ್ರೋಗ್ರಾಂಗೆ ಬೇಕಾದ ಲೈಬ್ರರಿಗಳ ಪಟ್ಟಿ ಕೊಡುವ ಕಮಾಂಡ್) ಬಳಸಿ ನೋಡುವಾಗ ಜಿಸಿಸಿ ಫೈಲನ್ನು ನೋಡಬೇಡಿ. ಅದು ಬರೀ ಮೇಸ್ತ್ರಿ. ಅಸಲಿ ಕಂಪೈಲರ್ ಸಿಸಿ1 ಅನ್ನುವ ಫೈಲ್, ಅದನ್ನು ನೋಡಿ. ಅಲ್ಲಿ ಬೇರೆ ಲೈಬ್ರರಿ ಕಂಡರೆ, ಉದಾಹರಣೆಗೆ ಝೆಡ್‌ಸ್ಟ್ಯಾಂಡರ್ಡ್, ಅದರ ಪ್ಯಾಕೇಜನ್ನೂ ಡಿಪೆಂಡ್ಸ್‌ಗೆ ಸೇರಿಸಿ.

ಪ್ಯಾಕೇಜ್ ಕಟ್ಟುವ ಡಿಪಿಕೆಜಿ-ಡೆಬ್ ಕಮಾಂಡ್ ಕೊಡುವಾಗ ರೂಟ್-ಓನರ್-ಗ್ರೂಪ್ ಆಯ್ಕೆ ಮರೆಯಬೇಡಿ. ಇಲ್ಲದಿದ್ದರೆ ಫೈಲುಗಳು ನಿಮ್ಮ ಯೂಸರ್ ನಂಬರಿನಲ್ಲೇ ಹೋಗುತ್ತವೆ, ಲ್ಯಾಬ್ ಮಷಿನ್‌ನಲ್ಲಿ ಅದೇ ನಂಬರ್ ಸ್ಟೂಡೆಂಟ್ ಅಕೌಂಟಿಗೆ ಇದ್ದರೆ ಅವರು ಕಂಪೈಲರನ್ನೇ ತಿದ್ದಬಹುದು.

ಪ್ಯಾಕೇಜ್ ಕಟ್ಟುವುದಕ್ಕೆ ಚೆಕ್‌ಇನ್‌ಸ್ಟಾಲ್ ಅನ್ನುವ ಸುಲಭದ ಟೂಲ್ ಇದೆ. ಡಿಪೆಂಡ್ಸ್ ಸಾಲನ್ನು ಅದು ತಾನಾಗಿ ತುಂಬುವುದಿಲ್ಲ, ನಾನಂತೂ ಬಳಸುವುದಿಲ್ಲ.

ಪರೀಕ್ಷೆ

ಯಾವತ್ತೂ ಕಂಪೈಲರ್ ಕಾಣದ ಹೊಸ ವರ್ಚುವಲ್ ಮಷಿನ್‌ನಲ್ಲೇ ಪರೀಕ್ಷೆ ಮಾಡಿ, ಕಟ್ಟಿದ ಮಷಿನ್‌ನಲ್ಲಿ ಅಲ್ಲ. ಎಪಿಟಿ ಇನ್‌ಸ್ಟಾಲ್ ಕೊಡುವಾಗ ಫೈಲ್ ಹೆಸರಿನ ಮೊದಲಿಗೆ ಡಾಟ್ ಸ್ಲ್ಯಾಶ್ ಇರಲಿ, ಆಗಲೇ ಅದು ಇಲ್ಲಿರುವ ಫೈಲ್ ಅಂತ ತಿಳಿದು ಬೇಕಾದ ಉಳಿದ ಪ್ಯಾಕೇಜುಗಳನ್ನೂ ತರುತ್ತದೆ. ಡಿಪಿಕೆಜಿ ಒಂದೇ ಕೊಟ್ಟರೆ ತರುವುದಿಲ್ಲ. ಲ್ಯಾಬಿನಲ್ಲಿ ನೆಟ್ ಇಲ್ಲದಿದ್ದರೆ ಆ ಪ್ಯಾಕೇಜುಗಳನ್ನೂ ಮೊದಲೇ ಇಳಿಸಿ ಜೊತೆಗಿಡಿ. ಒಂದು ಸಿ, ಒಂದು ಸಿ++, ಒಂದು ಯಾಕ್ ಪ್ರೋಗ್ರಾಂ ಓಡಿಸಿ ನೋಡಿ. ಆಮೇಲೆ ಪ್ಯಾಕೇಜ್ ತೆಗೆದುಹಾಕಿ, ಆಪ್ಟ್ ಒಳಗೆ ಲ್ಯಾಬ್‌ಸಿಸಿ ಇನ್ನೂ ಉಳಿದಿದೆಯಾ ನೋಡಿ. ಉಳಿದಿಲ್ಲ ಅಂದರೆ ಫೈಲನ್ನು ಲ್ಯಾಬಿನ ಸರ್ವರಿಗೆ ಹಾಕಿ. ಈಗ ಪೆನ್‌ಡ್ರೈವಿನಲ್ಲಿ ಒಯ್ದರೂ ತೊಂದರೆ ಇಲ್ಲ.