ಕ್ಯಾಮೆರಾದಿಂದ ಐದು ಅಡಿ ದೂರ

ಹದಿಹರೆಯದವರ ಆಪ್ತಸಮಾಲೋಚಕಿಯಾಗಿ ಕೆಲಸ ಆರಂಭಿಸಿದಾಗ, ಸಾಮಾಜಿಕ ಜಾಲತಾಣ ನೋಡಿ ತಮ್ಮ ರೂಪದ ಬಗ್ಗೆ ಕೊರಗುವ ಮಕ್ಕಳಿಗೆ ಕೊಡಲು ನನ್ನ ಬಳಿ ಇದ್ದದ್ದು ಒಂದೇ ಮದ್ದು: ‘ಸ್ವಲ್ಪ ದಿನ ಮೊಬೈಲ್ ಪಕ್ಕಕ್ಕಿಡು.’ ಮಕ್ಕಳು ತಲೆಯಾಡಿಸಿ ಹೋಗುತ್ತಿದ್ದರು, ಮತ್ತೆ ಬರುತ್ತಿರಲಿಲ್ಲ. ಹಾಗೆ ಬಾರದೇ ಉಳಿದ ಕೆಲವರಿಗೆ ನೆರವು ನಿಜಕ್ಕೂ ಬೇಕಾಗಿತ್ತು ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ.

ನನ್ನ ಕೆಲಸದ ದಾರಿ ಬದಲಾದದ್ದು ಹದಿನೈದು ವರ್ಷದ ಒಬ್ಬ ಹುಡುಗಿಯಿಂದ. ತನ್ನ ಮೂಗು ದಪ್ಪ ಎಂಬುದು ಅವಳ ಕೊರಗು. ದಿನಕ್ಕೆ ಹತ್ತಾರು ಸೆಲ್ಫಿ ತೆಗೆದು ಎಲ್ಲವನ್ನೂ ಅಳಿಸುತ್ತಿದ್ದಳು. ಗುಂಪು ಫೋಟೊ ಎಂದರೆ ಯಾರದಾದರೂ ಬೆನ್ನ ಹಿಂದೆ ನಿಲ್ಲುತ್ತಿದ್ದಳು. ‘ನೀನು ಚೆನ್ನಾಗಿಯೇ ಇದ್ದೀಯಮ್ಮ’ ಎಂದೆ. ‘ಎಲ್ಲರೂ ಹಾಗೆಯೇ ಹೇಳುತ್ತಾರೆ ಮೇಡಂ’ ಎಂದಳು. ಅಲ್ಲಿಗೆ ಮಾತು ಮುಗಿಯಿತು.

ಅದೇ ವಾರ 2018ರ ಒಂದು ವೈದ್ಯಕೀಯ ಅಧ್ಯಯನ ಓದಿದೆ. 5 ಅಡಿ ದೂರದಿಂದ ತೆಗೆದ ಚಿತ್ರಕ್ಕೆ ಹೋಲಿಸಿದರೆ, 12 ಇಂಚು ದೂರದ ಸೆಲ್ಫಿಯಲ್ಲಿ ಮೂಗು ಸುಮಾರು ಶೇ 30ರಷ್ಟು ಅಗಲವಾಗಿ ಕಾಣುತ್ತದೆ ಎಂದು ಅದರಲ್ಲಿ ಲೆಕ್ಕ ಹಾಕಿದ್ದರು. ಕ್ಯಾಮೆರಾ ಮುಖಕ್ಕೆ ಅಷ್ಟು ಸಮೀಪವಿದ್ದಾಗ ಮೂಗು ಕಿವಿ, ಕೆನ್ನೆಗಳಿಗಿಂತ ಇನ್ನೂ ಸಮೀಪ. ಸಮೀಪದ್ದು ಉಬ್ಬಿ ಮೂಡುತ್ತದೆ, ಅಷ್ಟೇ.

ಮುಂದಿನ ಭೇಟಿಗೆ ಅಳತೆ ಟೇಪು ತಂದೆ. ಅವಳನ್ನು ಗೋಡೆಗೆ ಒರಗಿ ನಿಲ್ಲಲು ಹೇಳಿದೆ. ಟೈಮರ್ ಹಾಕಿ ಒಂದು ಅಡಿ, ಮೂರು ಅಡಿ, ಐದು ಅಡಿ ದೂರದಿಂದ ಚಿತ್ರ ತೆಗೆದದ್ದು ಅವಳೇ. ನಾನು ಟೇಪು ಹಿಡಿದಿದ್ದೆ. ಮೂರನ್ನೂ ಒಂದೇ ಅಳತೆಗೆ ತಂದು ಪಕ್ಕಪಕ್ಕದಲ್ಲಿಟ್ಟೆವು. ಬಹಳ ಹೊತ್ತು ನೋಡಿದಳು. ಆಮೇಲೆ, ‘ನನ್ನ ಎದುರು ಕುಳಿತವರಿಗೆ ಕಾಣುವುದು ಯಾವುದು?’ ಎಂದಳು. ಅಲ್ಲಿಯವರೆಗೆ ನನ್ನ ಪ್ರಶ್ನೆಗಳಿಗೆ ಉತ್ತರ ಕೊಡುತ್ತಿದ್ದವಳು ತಾನಾಗಿ ಕೇಳಿದ ಮೊದಲ ಪ್ರಶ್ನೆ ಅದು.

ಕೊರಗು ಅಂದೇ ಹೋಯಿತು ಎನ್ನಲಾರೆ. ಆದರೆ ಚಿತ್ರ ಹೇಗೆ ತಯಾರಾಗುತ್ತದೆ ಎಂಬ ಕುತೂಹಲ ಮೂಡಿತು. ಆ ಎಳೆ ಹಿಡಿದು ಮುಂದುವರಿದೆವು. ಒಂದು ವಾರ ಅವಳು ಜಾಲತಾಣದಲ್ಲಿ ಯಾವ ಖಾತೆ ನೋಡಿದ ಮೇಲೆ ಮನಸ್ಸು ಹಗುರವಾಯಿತು, ಯಾವುದರಿಂದ ಭಾರವಾಯಿತು ಎಂದು ನೋಟ್‌ಬುಕ್‌ನಲ್ಲಿ ಗುರುತು ಹಾಕಿದಳು. ನಟಿಯರ, ರೂಪದರ್ಶಿಯರ ಹೆಸರು ಬರುತ್ತದೆ ಎಂದುಕೊಂಡಿದ್ದೆ. ಭಾರದ ಕಡೆ ತುಂಬಿದ್ದವರು ಸಹಪಾಠಿಗಳು! ಮನುಷ್ಯ ತನ್ನಂಥವರೊಂದಿಗೇ ತನ್ನನ್ನು ಹೆಚ್ಚು ಹೋಲಿಸಿಕೊಳ್ಳುತ್ತಾನೆ ಎಂದು ಮನೋವಿಜ್ಞಾನಿ ಲಿಯಾನ್ ಫೆಸ್ಟಿಂಗರ್ 1954ರಲ್ಲೇ ಬರೆದಿದ್ದರು. ಓದಿ ಪರೀಕ್ಷೆ ಪಾಸು ಮಾಡಿದ್ದೆ, ಅರ್ಥವಾದದ್ದು ಆ ನೋಟ್‌ಬುಕ್ ನೋಡಿದಾಗ. ಸಹಪಾಠಿಯನ್ನು ಅನ್‌ಫಾಲೋ ಮಾಡಿದರೆ ಮರುದಿನ ತರಗತಿಯಲ್ಲಿ ಜಗಳ. ಅವರ ಪೋಸ್ಟ್ ತನಗೆ ಕಾಣದಂತೆ ಮ್ಯೂಟ್ ಮಾಡಿದರೆ ಅವರಿಗೆ ಗೊತ್ತಾಗುವುದಿಲ್ಲ. ಐದು ಖಾತೆಗಳನ್ನು ಮ್ಯೂಟ್ ಮಾಡಿದಳು.

ಸಮಯದ ಮಿತಿಯ ಮಾತನ್ನು ನಾನು ಇದೆಲ್ಲದರ ನಂತರವೇ ಎತ್ತುತ್ತೇನೆ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 143 ವಿದ್ಯಾರ್ಥಿಗಳ ಮೇಲೆ ನಡೆದ, 2018ರಲ್ಲೇ ಪ್ರಕಟವಾದ ಪ್ರಯೋಗದಲ್ಲಿ ಒಂದು ಗುಂಪು ಮೂರು ಸಾಮಾಜಿಕ ಜಾಲತಾಣಗಳ ಆ್ಯಪ್‌ಗಳನ್ನು ದಿನಕ್ಕೆ ತಲಾ 10 ನಿಮಿಷಕ್ಕೆ ಇಳಿಸಿತ್ತು. ಮೂರು ವಾರದಲ್ಲಿ ಅವರ ಒಂಟಿತನ, ಖಿನ್ನತೆ ತಗ್ಗಿದವು. ಪೂರ್ತಿ ಬಿಡಬೇಕಿಲ್ಲ ಎಂದು ತಿಳಿದಾಗ ಮಕ್ಕಳ ಬಿಗಿದ ಹೆಗಲು ಸಡಿಲವಾಗುವುದನ್ನು ನಾನು ಕಂಡಿದ್ದೇನೆ.

ಹುಡುಗರ ವಿಷಯದಲ್ಲಿ ನಾನು ತಡವಾಗಿ ಎಚ್ಚೆತ್ತೆ. ಅವರು ಮೈಕಟ್ಟಿನ ಕೊರಗನ್ನು ಜಿಮ್ ಎಂದು ಕರೆಯುತ್ತಾರೆ. ನಾನು ಅದನ್ನು ಆರೋಗ್ಯದ ಕಾಳಜಿ ಎಂದೇ ತಿಳಿದಿದ್ದೆ. ಈಗ ಊಟ ಬಿಡುತ್ತಿದ್ದೀಯಾ, ನಿದ್ದೆ ಬರುತ್ತದೆಯೇ, ನಿನಗೆ ನೀನೇ ನೋವು ಮಾಡಿಕೊಂಡಿದ್ದೀಯಾ ಎಂದು ಹುಡುಗಿಯರಷ್ಟೇ ನೇರವಾಗಿ ಹುಡುಗರನ್ನೂ ಕೇಳುತ್ತೇನೆ. ಊಟ ಬಿಟ್ಟಿದ್ದರೆ, ನೋವು ಮಾಡಿಕೊಂಡಿದ್ದರೆ ಟೇಪು, ನೋಟ್‌ಬುಕ್ ಎರಡನ್ನೂ ಬದಿಗಿಟ್ಟು ತಡಮಾಡದೆ ಮನೋವೈದ್ಯರ ಬಳಿಗೆ ಕಳುಹಿಸುತ್ತೇನೆ.

ಮೊಬೈಲ್ ಕಸಿದುಕೊಳ್ಳಬೇಕೇ ಎಂದು ಹೆತ್ತವರು ಈಗಲೂ ಕೇಳುತ್ತಾರೆ. ರಾತ್ರಿ ಮಲಗುವ ಕೋಣೆಯ ಹೊರಗಿಡಿ, ನಿಮ್ಮದನ್ನೂ ಅದರ ಜೊತೆಗೇ ಇಡಿ ಎನ್ನುತ್ತೇನೆ. ಮಿಕ್ಕದ್ದನ್ನು ಮಗುವಿನೊಂದಿಗೆ ಕುಳಿತು ಮಾತಾಡುತ್ತೇನೆ.