ಚಿರಾಲಿ: ನಡೆದೇ ನೋಡಬೇಕಾದ ಕಡಲೂರು

ಟರ್ಕಿಯ ಅಂತಾಲ್ಯ ನಗರದಿಂದ ದಕ್ಷಿಣಕ್ಕೆ ಸುಮಾರು 80 ಕಿ.ಮೀ. ದೂರದಲ್ಲಿ, ಪೈನ್ ಕಾಡು ಹೊದ್ದ ಬೆಟ್ಟಸಾಲು ಮೆಡಿಟರೇನಿಯನ್ ಸಮುದ್ರಕ್ಕೆ ಇಳಿಯುವ ಕಡೆ ಚಿರಾಲಿ ಎಂಬ ಹಳ್ಳಿಯಿದೆ. ಸುಮಾರು ಮೂರು ಕಿಲೋಮೀಟರ್ ಉದ್ದದ ಒಂದೇ ಕಡಲತೀರ, ಅದರ ಬೆನ್ನಿಗೆ ಕಿತ್ತಳೆ, ದಾಳಿಂಬೆ ತೋಟಗಳು, ಆ ತೋಟಗಳ ನಡುವೆಯೇ ಮನೆಮಂದಿ ನಡೆಸುವ ಚಿಕ್ಕ ವಸತಿಗೃಹಗಳು. ತೀರದ ದಕ್ಷಿಣ ತುದಿಯಲ್ಲಿ ಪ್ರಾಚೀನ ಒಲಿಂಪೋಸ್ ನಗರದ ಅವಶೇಷಗಳಿವೆ. ಉತ್ತರದ ಬೆಟ್ಟದಲ್ಲಿ ಸಾವಿರಾರು ವರ್ಷಗಳಿಂದ ನೆಲದೊಳಗಿಂದಲೇ ಬೆಂಕಿ ಉರಿಯುತ್ತಿದೆ. ಇವೆಲ್ಲವೂ ನಡಿಗೆಯ ಅಳವಿನಲ್ಲೇ ಇರುವುದರಿಂದ, ವಾಹನವಿಲ್ಲದೆ ಇಡೀ ಊರನ್ನು ನೋಡಬೇಕೆಂದು ನಾನೂ ನನ್ನ ಪತಿಯೂ ಮೊದಲೇ ನಿಶ್ಚಯಿಸಿಕೊಂಡಿದ್ದೆವು.

ನಾವು ಜರ್ಮನಿಯಲ್ಲಿ ಕೆಲಸದಲ್ಲಿರುವವರು. ಅಲ್ಲಿನ ವಾಸದ ಪರವಾನಗಿ ಇದ್ದುದರಿಂದ ಭಾರತದ ಪಾಸ್‌ಪೋರ್ಟಿನ ಮೇಲೆಯೇ ಟರ್ಕಿಯ ಇ-ವೀಸಾ ಸುಲಭವಾಗಿ ದೊರೆಯಿತು. ಕಾಲವನ್ನು ಮಾತ್ರ ಬಹಳ ಯೋಚಿಸಿ ಆರಿಸಿದೆವು. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಈ ಕರಾವಳಿಯ ಬಿಸಿಲು ಬೆಟ್ಟ ಹತ್ತುವವರಿಗೆ ತಕ್ಕುದಲ್ಲ. ಏಪ್ರಿಲ್‌ನಲ್ಲಿ ನಡಿಗೆ ಹಿತವಾದರೂ ನೀರು ಇನ್ನೂ ತಣ್ಣಗಿರುತ್ತದೆ. ನಡಿಗೆ, ಈಜು ಎರಡೂ ಒದಗುವುದು ಮೇ ಕೊನೆಯಲ್ಲಿ ಅಥವಾ ಅಕ್ಟೋಬರಿನಲ್ಲಿ ಎಂದು ಲೆಕ್ಕ ಹಾಕಿ, ಮೇ ಕೊನೆಗೆ ಹೊರಟೆವು. ಅಂತಾಲ್ಯದ ಬಸ್ ನಿಲ್ದಾಣದಿಂದ ಕರಾವಳಿಯ ಹೆದ್ದಾರಿಯಲ್ಲಿ ಸಾಗುವ ಮಿನಿಬಸ್ಸು ನಮ್ಮನ್ನು ಉಲುಪಿನಾರ್ ಬಳಿಯ ಕವಲಿನಲ್ಲಿ ಇಳಿಸಿತು. ಅಲ್ಲಿಂದ ಊರಿಗೆ ಕಾಡಿನೊಳಗೆ ಏಳು ಕಿಲೋಮೀಟರಿನಷ್ಟು ಇಳಿಜಾರು. ಅದಕ್ಕೆ ಬೇರೊಂದು ಸಣ್ಣ ವಾಹನ ಹಿಡಿಯಬೇಕು.

ತಲುಪಿದ ಸಂಜೆಯೇ ವಸತಿಗೃಹದ ಒಡತಿ ನಮಗೆ ಊರಿನ ಮುಖ್ಯ ಕಟ್ಟಳೆಯನ್ನು ತಿಳಿಸಿದರು: ಕತ್ತಲಾದ ಮೇಲೆ ತೀರಕ್ಕೆ ಹೋಗಬಾರದು, ಸಮುದ್ರದ ಕಡೆಗೆ ಕಾಣುವ ದೀಪ ಹಚ್ಚಬಾರದು. ಇದು ಕರೆಟ್ಟಾ ಜಾತಿಯ ಕಡಲಾಮೆಗಳು ಮೊಟ್ಟೆಯಿಡುವ ತೀರ. ಮೇ ತಿಂಗಳಿಂದ ಆಗಸ್ಟಿನವರೆಗೆ ಹೆಣ್ಣಾಮೆಗಳು ರಾತ್ರಿ ಹೊತ್ತು ದಡಕ್ಕೆ ಬಂದು ಗುಳಿ ತೋಡುತ್ತವೆ. ಸುಮಾರು ಎರಡು ತಿಂಗಳ ಬಳಿಕ ಹೊರಬರುವ ಮರಿಗಳು ಸಮುದ್ರದ ಮೇಲಿನ ಮಂದ ಬೆಳಕನ್ನೇ ಗುರಿಯಾಗಿಸಿಕೊಂಡು ನೀರಿಗೆ ಓಡುತ್ತವೆ. ದಡದಲ್ಲಿ ವಿದ್ಯುತ್ ದೀಪ ಉರಿದರೆ ಅವು ಊರಿನ ಕಡೆಗೆ ತಿರುಗಿ ಸಾಯುತ್ತವೆ.

ಮರುದಿನ ಬೆಳಕು ಹರಿದ ಮೇಲೆ ತೀರದಲ್ಲಿ ನಡೆಯುತ್ತಿದ್ದಾಗ ಅಂಥದೊಂದು ಹೆಜ್ಜೆಜಾಡು ಕಂಡಿತು. ನೀರಿನಂಚಿನಿಂದ ಮೇಲಕ್ಕೆ, ನನ್ನ ತೋಳಿನ ಉದ್ದಕ್ಕೂ ಹೆಚ್ಚಿನ ಅಗಲದಲ್ಲಿ, ಎಡಕ್ಕೊಂದು ಬಲಕ್ಕೊಂದು ಎಂಬಂತೆ ಸರದಿಯಲ್ಲಿ ಬಿದ್ದ ರೆಕ್ಕೆಗಾಲಿನ ಗುರುತುಗಳು. ಕೊನೆಯಲ್ಲಿ ಕೆದಕಿ ಮುಚ್ಚಿದ ಮರಳಿನ ದಿಬ್ಬ. ಅಲ್ಲಿಂದ ಓರೆಯಾಗಿ ಮತ್ತೆ ನೀರಿಗೆ ಮರಳಿದ ಇನ್ನೊಂದು ಜಾಡು. ಸ್ವಲ್ಪ ಹೊತ್ತಿಗೆ ಇಬ್ಬರು ಕಾರ್ಯಕರ್ತರು ಬಂದು ಅಳತೆ ತೆಗೆದುಕೊಂಡು, ಗೂಡಿನ ಮೇಲೆ ತಂತಿಪಂಜರವೊಂದನ್ನು ನೆಟ್ಟು, ದಿನಾಂಕದ ಚೀಟಿ ಕಟ್ಟಿದರು. ಹೊನ್ನಾವರದ ಕಾಸರಕೋಡಿನ ತೀರದಲ್ಲಿ ಆಲಿವ್ ರಿಡ್ಲಿ ಆಮೆಗಳ ಗೂಡುಗಳಿಗೆ ಅರಣ್ಯ ಇಲಾಖೆಯವರೂ ಮೀನುಗಾರರೂ ಸೇರಿ ಬೇಲಿ ಕಟ್ಟುವುದನ್ನು ಬಲ್ಲ ನನಗೆ, ಈ ದೂರದ ಊರಿನವರ ಕಾಳಜಿ ತುಂಬ ಹತ್ತಿರದ್ದೆನಿಸಿತು. ಹಗಲಿನಲ್ಲೂ ಇಲ್ಲಿ ಛತ್ರಿಯ ಕೋಲನ್ನು ಮೇಲ್ಭಾಗದ ಮರಳಿಗೆ ಚುಚ್ಚಬಾರದು. ನೀರಿನಂಚಿನ ಹಸಿಭಾಗದಲ್ಲಿ ಚಾಪೆ ಹಾಸಿಕೊಂಡರೆ ಯಾವ ತೊಂದರೆಯೂ ಇಲ್ಲ. ತೀರದಲ್ಲಿ ಮರಳಿಗಿಂತ ಬೆಣಚುಕಲ್ಲುಗಳೇ ಹೆಚ್ಚಾದ್ದರಿಂದ ನೀರಿಗಿಳಿಯಲು ರಬ್ಬರ್ ಪಾದರಕ್ಷೆ ಬೇಕೇಬೇಕು. ನೀರು ಬೇಗನೆ ಆಳವಾಗುತ್ತದೆ, ಈಜು ಬಾರದವರು ದಡದಲ್ಲೇ ಇರಬೇಕು.

ಒಲಿಂಪೋಸ್ ನೋಡಲು ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋದೆವು. ತೀರದುದ್ದಕ್ಕೂ ದಕ್ಷಿಣಕ್ಕೆ ನಡೆದರೆ ಬೆಟ್ಟಗಳ ಸಂದಿನಿಂದ ತೊರೆಯೊಂದು ಸಮುದ್ರ ಸೇರುವ ಜಾಗ ಸಿಗುತ್ತದೆ. ನಗರ ಆ ತೊರೆಯ ಎರಡೂ ದಡಗಳಲ್ಲಿ ಹಬ್ಬಿದೆ. ಈ ಕರಾವಳಿಯ ಪ್ರಾಚೀನ ನಗರಗಳ ಕೂಟವಾದ ಲೈಸಿಯಾ ಒಕ್ಕೂಟದಲ್ಲಿ ತಲಾ ಮೂರು ಮತಗಳ ಹಕ್ಕಿದ್ದ ಆರು ದೊಡ್ಡ ನಗರಗಳಲ್ಲಿ ಇದೂ ಒಂದು ಎಂದು ಭೂಗೋಳಕಾರ ಸ್ಟ್ರಾಬೋ ದಾಖಲಿಸಿದ್ದಾನೆ. ಕ್ರಿ.ಪೂ. ಒಂದನೆಯ ಶತಮಾನದಲ್ಲಿ ಜೆನಿಕೆಟಸ್ ಎಂಬ ಕಡಲ್ಗಳ್ಳ ಈ ಪ್ರದೇಶವನ್ನು ಹಿಡಿದಿಟ್ಟುಕೊಂಡಿದ್ದನು. ರೋಮನ್ ಸೇನಾಧಿಪತಿ ಸರ್ವಿಲಿಯಸ್ ವಾಟಿಯಾ ಅವನನ್ನು ಸೋಲಿಸಿದ ಮೇಲೆ ನಗರ ರೋಮಿನ ವಶವಾಯಿತು. ಈಗ ಕಾಡು ಅದನ್ನು ತನ್ನೊಳಗೆ ಸೆಳೆದುಕೊಂಡಿದೆ. ಸ್ನಾನಗೃಹದ ಕಮಾನುಗಳ ಮೇಲೆ ಬಳ್ಳಿ, ರಂಗಮಂದಿರದ ಮೆಟ್ಟಿಲುಗಳ ನಡುವೆ ಪೊದೆ. ಉತ್ತರ ದಡದಲ್ಲಿ ಒಂದು ದೇವಾಲಯದ ಎತ್ತರದ ಬಾಗಿಲು ಮಾತ್ರ ಉಳಿದಿದ್ದು, ಅದರ ಬಳಿಯ ಶಿಲಾಪೀಠದ ಬರಹ ಚಕ್ರವರ್ತಿ ಮಾರ್ಕಸ್ ಔರೇಲಿಯಸನ ಕಾಲದ್ದು.

ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು ತೊರೆಯ ಬಾಯಿಗೆ ಹತ್ತಿರ, ಬಂಡೆಯ ಬುಡದಲ್ಲಿರುವ ಯೂಡೆಮೊಸ್ ಎಂಬ ನಾವಿಕನ ಕಲ್ಲಿನ ಶವಪೆಟ್ಟಿಗೆ. ಅದರ ಬದಿಯಲ್ಲಿ ಹಡಗೊಂದನ್ನು ಕೆತ್ತಿದ್ದಾರೆ; ಜೊತೆಗಿರುವ ಗ್ರೀಕ್ ಪದ್ಯವು ಮತ್ತೆ ಹೊರಡದಂತೆ ಕೊನೆಯ ಬಂದರಿನಲ್ಲಿ ಲಂಗರು ಹಾಕಿದ ಹಡಗಿನ ಮಾತನ್ನಾಡುತ್ತದೆ. ಅರಸರ, ದೇವತೆಗಳ ಶಾಸನಗಳ ನಡುವೆ ಸಮುದ್ರವನ್ನೇ ನಂಬಿ ಬದುಕಿದ ಒಬ್ಬನ ಹೆಸರು ಹೀಗೆ ಉಳಿದುಬಂದಿರುವುದು ದೊಡ್ಡ ಸಂಗತಿ ಎಂದೇ ನನ್ನ ಎಣಿಕೆ.

ಮಧ್ಯಾಹ್ನದ ಬಿಸಿಲನ್ನು ನಾವು ಯಾವಾಗಲೂ ನೀರಿಗೆ ಅಥವಾ ನೆರಳಿಗೆ ಮೀಸಲಿಟ್ಟೆವು. ಸಸ್ಯಾಹಾರಿಗಳಿಗೆ ಈ ಊರಿನಲ್ಲಿ ಊಟದ ಚಿಂತೆಯಿಲ್ಲ. ತೆಳ್ಳಗೆ ಲಟ್ಟಿಸಿದ ಹಿಟ್ಟಿನೊಳಗೆ ಪಾಲಕ್ ಅಥವಾ ಬಿಳಿ ಚೀಸ್ ಇಟ್ಟು ಹೆಂಚಿನ ಮೇಲೆ ಬೇಯಿಸುವ ಗೋಜ್ಲೆಮೆ, ಆಲಿವ್ ಎಣ್ಣೆಯಲ್ಲಿ ಬೇಯಿಸಿ ತಣಿಸಿದ ಬದನೆಕಾಯಿ, ಹುರುಳಿಕಾಯಿ, ಜೊತೆಗೆ ಉಪ್ಪು ಹಾಕಿದ ಮಜ್ಜಿಗೆಯೇ ಆದ ಆಯ್ರಾನ್ ಎಲ್ಲೆಡೆ ಸಿಗುತ್ತವೆ. ಬೇಳೆಯ ಸೂಪನ್ನು ಮಾತ್ರ ಕೇಳಿಯೇ ಕುಡಿಯಬೇಕು, ಏಕೆಂದರೆ ಕೆಲವೆಡೆ ಅದಕ್ಕೆ ಮಾಂಸದ ಸಾರು ಬೆರೆಸುತ್ತಾರೆ.

ಬೆಂಕಿಯ ಬೆಟ್ಟವಾದ ಯಾನಾರ್ತಾಶ್‌ಗೆ ಸಂಜೆಯೇ ಹೋಗಬೇಕು, ಹಗಲಿನಲ್ಲಿ ಆ ಜ್ವಾಲೆಗಳು ಕಣ್ಣಿಗೆ ಸರಿಯಾಗಿ ಕಾಣುವುದೇ ಇಲ್ಲ. ಹಳ್ಳಿಯ ಉತ್ತರ ಅಂಚಿನಲ್ಲಿ ಟಿಕೆಟ್ ಪಡೆದು ಸುಮಾರು ಒಂದು ಕಿಲೋಮೀಟರ್ ಕಲ್ಲುಮೆಟ್ಟಿಲುಗಳನ್ನು ಹತ್ತಿದರೆ, ಮರಗಳಿಲ್ಲದ ಬೋಳು ಇಳಿಜಾರಿನಲ್ಲಿ ಹತ್ತಾರು ಕಡೆ ಬಂಡೆಯ ಬಿರುಕುಗಳಿಂದ ಜ್ವಾಲೆ ಏಳುವುದು ಕಾಣುತ್ತದೆ. ಒಂದು ಬಿರುಕಿನ ಬಳಿ ಕುಳಿತು ನೋಡಿದೆ: ಬುಡದಲ್ಲಿ ನೀಲಿ, ತುದಿಯಲ್ಲಿ ಹಳದಿ, ಸುತ್ತಲ ಕಲ್ಲು ಮಸಿ ಹಿಡಿದು ಕಪ್ಪು, ಗಾಳಿ ಬೀಸಿದಾಗ ಜ್ವಾಲೆ ನೆಲಕ್ಕೆ ಒರಗಿ ಮತ್ತೆ ನೆಟ್ಟಗಾಗುತ್ತಿತ್ತು. ಬೆಲೆರೊಫೋನ್ ಎಂಬ ವೀರ ಕೊಂದ, ಬೆಂಕಿಯುಗುಳುವ ಕೈಮೆರಾ ಎಂಬ ಪ್ರಾಣಿಯ ಗ್ರೀಕ್ ಪುರಾಣಕಥೆಯನ್ನು ಈ ಜಾಗಕ್ಕೆ ತಳಕು ಹಾಕುತ್ತಾರೆ. ಕೆಳಗಡೆಯೇ ಅಗ್ನಿ ಮತ್ತು ಕಮ್ಮಾರಿಕೆಯ ದೇವರಾದ ಹೆಫೈಸ್ಟಸನ ಗುಡಿಯ ಅವಶೇಷವೂ ಬೈಜಾಂಟಿನ್ ಕಾಲದ ಚರ್ಚಿನ ಗೋಡೆಗಳೂ ಇವೆ.

ಉರಿಯುತ್ತಿರುವುದು ಹೆಚ್ಚಿನಂಶ ಮೀಥೇನ್, ಜೊತೆಗೆ ಒಂದಿಷ್ಟು ಹೈಡ್ರೋಜನ್. ಸಾಮಾನ್ಯವಾಗಿ ಮೀಥೇನ್ ಜೀವಿಗಳ ಅವಶೇಷಗಳಿಂದ ಹುಟ್ಟುತ್ತದೆ. ಇಲ್ಲಿ ಅದರ ಬಹುಪಾಲು ಕಲ್ಲಿನಿಂದಲೇ ಹುಟ್ಟುತ್ತದೆ ಎಂಬುದೇ ವಿಶೇಷ. ಪ್ರಾಚೀನ ಸಾಗರತಳದಿಂದ ಮೇಲೆದ್ದು ಬಂದ ಈ ಬಂಡೆಗಳ ಖನಿಜಗಳು ನೀರಿನೊಡನೆ ವರ್ತಿಸಿ ಹೈಡ್ರೋಜನ್ ಬಿಡುಗಡೆ ಮಾಡುತ್ತವೆ. ಅದು ಇಂಗಾಲದ ಡೈಆಕ್ಸೈಡಿನೊಂದಿಗೆ ಸೇರಿ ಮೀಥೇನ್ ಆಗುತ್ತದೆ. ಹೆಚ್ಚಿನ ಶಾಖವಿಲ್ಲದೆಯೂ ಇದು ನಡೆಯಲು ಕ್ರೋಮ್ ಅದಿರಿನಲ್ಲಿರುವ ರುಥೇನಿಯಂ ಎಂಬ ಲೋಹ ವೇಗವರ್ಧಕವಾಗಿ ನೆರವಾಗುತ್ತಿರಬಹುದೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಈ ವಿಷಯವನ್ನು ಓದಿಕೊಂಡು ಹೋದುದರಿಂದ ಬೆಂಕಿಯ ಮುಂದೆ ಕಳೆದ ಹೊತ್ತಿಗೆ ಬೇರೆಯದೇ ತೂಕ ಬಂದಿತು. ಇಳಿಯುವಾಗ ಕತ್ತಲು ಕವಿದಿರುತ್ತದೆ, ಮೆಟ್ಟಿಲುಗಳು ಸಮನಾಗಿಲ್ಲ. ಹಣೆಗೆ ಕಟ್ಟಿಕೊಳ್ಳುವ ಟಾರ್ಚ್ ಇದ್ದರೆ ಎರಡೂ ಕೈಗಳು ಬಿಡುವಾಗಿರುತ್ತವೆ.

ನಡಿಗೆಯಲ್ಲಿ ನಮ್ಮ ದೊಡ್ಡ ದಿನವೆಂದರೆ ಒಲಿಂಪೋಸಿನಿಂದ ಮೂಸಾ ಬೆಟ್ಟದ ಮಗ್ಗುಲನ್ನು ಹತ್ತಿಳಿದು ಆದ್ರಾಸಾನ್ ಕೊಲ್ಲಿಯನ್ನು ಸೇರಿದ ದಿನ. ಇದು 1999ರಲ್ಲಿ ತೆರೆದ, 500 ಕಿ.ಮೀ.ಗೂ ಉದ್ದದ ಲೈಸಿಯಾ ಕಾಲುದಾರಿಯ ಒಂದು ತುಂಡು. ಕಲ್ಲುಗಳ ಮೇಲೆ, ಮರಗಳ ಮೇಲೆ ಬಳಿದ ಕೆಂಪು-ಬಿಳಿ ಪಟ್ಟೆಗಳೇ ದಾರಿ ತೋರುತ್ತವೆ. ಕೆಂಪು ಬಣ್ಣದ ಅಡ್ಡಗುರುತು ಕಂಡರೆ ಅತ್ತ ಹೋಗಬಾರದೆಂದು ಅರ್ಥ. ನಸುಕಿನಲ್ಲೇ ಹೊರಟು, ಬಿಸಿಲೇರುವ ಮೊದಲು ಏರುದಾರಿಯನ್ನೆಲ್ಲ ಮುಗಿಸುವುದು ನಮ್ಮ ಯೋಜನೆಯಾಗಿತ್ತು, ಹಾಗೆಯೇ ನಡೆಯಿತು. ದಾರಿಯಲ್ಲಿ ನೀರಿನ ಭರವಸೆ ಇಟ್ಟುಕೊಳ್ಳದೆ ತಲಾ ಮೂರು ಲೀಟರ್ ಹೊತ್ತಿದ್ದೆವು. ಪೈನ್ ಕಾಡು ಕಳೆದು ಮೇಲೇರಿದಂತೆ, ತೊಗಟೆ ಸುಲಿದು ನುಣುಪಾದ ಕೆಂಪು ಕಾಂಡ ತೋರುವ ಮರಗಳು ಶುರುವಾಗುತ್ತವೆ. ಅವುಗಳ ನಡುವಿನಿಂದ ಹಿಂದಿರುಗಿ ನೋಡಿದಾಗ ಚಿರಾಲಿಯ ಇಡೀ ತೀರ ಒಂದೇ ನೋಟಕ್ಕೆ ಸಿಗುತ್ತದೆ. ಆದ್ರಾಸಾನಿನಿಂದ ಹಿಂದಿರುಗಲು ಹಿಂದಿನ ದಿನವೇ ವಸತಿಗೃಹದವರ ಮೂಲಕ ಕಾರು ಗೊತ್ತುಮಾಡಿದ್ದೆವು.

ತಾಹ್ತಾಲಿ ಶಿಖರವನ್ನು ಕೊನೆಗೆ ಉಳಿಸಿಕೊಂಡೆವು. 2,365 ಮೀಟರ್ ಎತ್ತರದ ಅದರ ನೆತ್ತಿಗೆ ರೋಪ್‌ವೇ ಹತ್ತು ನಿಮಿಷದಲ್ಲಿ ಕೊಂಡೊಯ್ಯುತ್ತದೆ. ಮೇಲೆ ಸ್ವೆಟರ್ ಬೇಕಾಗುವಷ್ಟು ಚಳಿ. ಕಡಲಿನ ತೇವದಿಂದ ಮಧ್ಯಾಹ್ನದ ಹೊತ್ತಿಗೆ ಅಲ್ಲಿ ಮೋಡ ಕಟ್ಟುವುದುಂಟು, ಹಾಗಾದರೆ ನೋಡಲು ಏನೂ ಇರುವುದಿಲ್ಲ. ಆದ್ದರಿಂದ ಬೆಳಗ್ಗೆ ಎದ್ದು ಚಿರಾಲಿಯ ತೀರದಿಂದ ಶಿಖರ ಸ್ವಚ್ಛವಾಗಿ ಕಾಣುತ್ತಿದೆಯೇ ಎಂದು ನೋಡಿಕೊಂಡು, ಕಂಡರೆ ಮಾತ್ರ ಹೊರಡಬೇಕು. ಇಲ್ಲವಾದರೆ ಆ ದಿನವನ್ನು ಉತ್ತರದ ಮದೆನ್ ಕೊಲ್ಲಿಯ ಕಡೆಗಿನ ಕಾಲುದಾರಿಗೆ ಕೊಡಬಹುದು.