ಕಾಲಾಳುಗಳನ್ನು ಗೋಲಂದಾಜರನ್ನಾಗಿಸಿದ ನನ್ನ ಅನುಭವ

ಮೇಜಿನ ಮೇಲಿನ ಯುದ್ಧದಾಟಕ್ಕಾಗಿ 1815ರ ವಾಟರ್ಲೂ ಕದನದ ಬ್ರಿಟಿಷ್ ಸೇನೆಯನ್ನು 1/72 ಅಳತೆಯಲ್ಲಿ ಕಟ್ಟುತ್ತಿದ್ದಾಗ ನನ್ನ ಬಳಿ ಪ್ಲಾಸ್ಟಿಕ್ ಕಾಲಾಳುಗಳು ಬೇಕಾದುದಕ್ಕಿಂತ ಹೆಚ್ಚೇ ಇದ್ದರು. ಫಿರಂಗಿಗಳೂ ಇದ್ದವು, ಅವನ್ನು ನಡೆಸುವ ಗೋಲಂದಾಜರು ಮಾತ್ರ ಇರಲಿಲ್ಲ. ಆ ಕಾಲದ ಬ್ರಿಟಿಷ್ ಫಿರಂಗಿದಳದ ಕಾಲಾಳು ತುಕಡಿಗಳ ಉಡುಪಿನ ಹೊಲಿಗೆ ಹೆಚ್ಚುಕಡಿಮೆ ಸಾಮಾನ್ಯ ಕಾಲಾಳುಗಳ ಉಡುಪಿನಂತೆಯೇ ಇದ್ದು, ಮೇಲಂಗಿಯ ಬಣ್ಣ ಕೆಂಪಿನ ಬದಲು ಕಡುನೀಲಿಯಾಗಿತ್ತು, ಕೊರಳಪಟ್ಟಿ ಮತ್ತು ತೋಳಿನ ಅಂಚುಗಳು ಕೆಂಪಾಗಿದ್ದವು. ಆದ್ದರಿಂದ ಮಿಕ್ಕ ಕಾಲಾಳುಗಳನ್ನೇ ಮಾರ್ಪಡಿಸಬಹುದೆಂದು ಕೆಲಸಕ್ಕೆ ಕೈಹಾಕಿದೆ.

ಮೊದಲ ನಾಲ್ವರು ನನಗೆ ತೃಪ್ತಿ ಕೊಡಲಿಲ್ಲ. ನೆಟ್ಟಗೆ ನಿಂತ ಸೈನಿಕರ ಕೈಯಿಂದ ಬಂದೂಕನ್ನು ಕತ್ತರಿಸಿ ತೆಗೆದು ಅದರ ಜಾಗದಲ್ಲಿ ಕೋಲನ್ನು ಇಟ್ಟಿದ್ದೆ. ಅವರು ಕೋಲು ಹಿಡಿದ ಕಾವಲುಗಾರರಂತೆ ಕಂಡರೇ ಹೊರತು ಫಿರಂಗಿಯಲ್ಲಿ ದುಡಿಯುವವರಂತೆ ಕಾಣಲಿಲ್ಲ. ತಪ್ಪು ಇದ್ದದ್ದು ಕೈಯಲ್ಲಲ್ಲ, ಕಾಲಿನಲ್ಲಿ. ಆಗಿನಿಂದ ಸೈನಿಕನನ್ನು ಆರಿಸುವಾಗ ಅವನು ಹಿಡಿದ ಆಯುಧವನ್ನು ಗಮನಿಸದೆ, ಅವನ ಮೈಭಾರ ಯಾವ ಕಾಲಿನ ಮೇಲೆ ಬಿದ್ದಿದೆ, ಸೊಂಟ ಎತ್ತ ತಿರುಗಿದೆ ಎಂಬುದನ್ನಷ್ಟೇ ನೋಡುತ್ತೇನೆ.

ಗೋಲಂದಾಜರ ಕೆಲಸವನ್ನು ತಿಳಿದರೆ ಈ ಆಯ್ಕೆ ಸುಲಭವಾಗುತ್ತದೆ. ಒಂದು ಗುಂಡು ಹಾರಿದ ಮೇಲೆ, ನಳಿಗೆಯೊಳಗೆ ಉಳಿದ ಕಿಡಿಗಳನ್ನು ಆರಿಸಲು ಒಬ್ಬನು ತುದಿಗೆ ಒದ್ದೆ ಕುರಿದೊಗಲು ಸುತ್ತಿದ ಉದ್ದನೆಯ ಕೋಲನ್ನು ಒಳಗೆ ತಳ್ಳುತ್ತಾನೆ. ಆ ಹೊತ್ತಿನಲ್ಲಿ ಗಾಳಿ ನುಗ್ಗದಂತೆ ಇನ್ನೊಬ್ಬನು ಹಿಂಭಾಗದ ಬೆಂಕಿ ಕೊಡುವ ರಂಧ್ರವನ್ನು ಚರ್ಮದ ಕವಚ ತೊಟ್ಟ ಹೆಬ್ಬೆರಳಿನಿಂದ ಒತ್ತಿ ಹಿಡಿದಿರುತ್ತಾನೆ. ಮೂರನೆಯವನು ಮದ್ದಿನ ಚೀಲವನ್ನೂ ಗುಂಡನ್ನೂ ನಳಿಗೆಯ ಬಾಯಿಗೆ ಇಡುತ್ತಾನೆ, ಮೊದಲನೆಯವನು ಅದೇ ಕೋಲಿನ ಇನ್ನೊಂದು ತುದಿಯಿಂದ ಅವನ್ನು ದೂಡುತ್ತಾನೆ, ನಾಲ್ಕನೆಯವನು ಬೆಂಕಿ ಮುಟ್ಟಿಸುತ್ತಾನೆ. ಹೀಗಾಗಿ, ಬಯೊನೆಟ್ (ಬಂದೂಕಿನ ತುದಿಗೆ ಸಿಕ್ಕಿಸುವ ಚೂರಿ) ಹಿಡಿದು ಮುಂದಕ್ಕೆ ತಿವಿಯುವ ಸೈನಿಕನಷ್ಟು ಒಳ್ಳೆಯ ಕೋಲುಗಾರ ಬೇರೊಬ್ಬನಿಲ್ಲ: ಮುಂಗಾಲು ಬಾಗಿದೆ, ಎರಡು ಕೈಗಳೂ ಮುಂದೆ ಚಾಚಿವೆ, ಇಡೀ ಮೈ ತಳ್ಳುತ್ತಿದೆ. ದೂರದರ್ಶಕ ಹಿಡಿದ ಅಧಿಕಾರಿಯನ್ನು ಏನೂ ಬದಲಿಸದೆ ತಂಡದ ಮುಖ್ಯಸ್ಥನನ್ನಾಗಿಸಿದೆ.

ಕೋಲಿನ ಉದ್ದವನ್ನು ಊಹೆಗೆ ಬಿಡಬಾರದು. 9 ಪೌಂಡಿನ ಗುಂಡು ಹಾರಿಸುವ ಬ್ರಿಟಿಷ್ ಫಿರಂಗಿಯ ನಳಿಗೆ ಸುಮಾರು 6 ಅಡಿ ಉದ್ದವಿತ್ತು, ಅಂದರೆ ನಮ್ಮ ಅಳತೆಯಲ್ಲಿ 25 ಮಿಲಿಮೀಟರು. ಕೋಲು ಅದರ ತಳ ಮುಟ್ಟಿ, ಹಿಡಿಯಲು ಹೊರಗೂ ಉಳಿಯಬೇಕಾದ್ದರಿಂದ ನಾನು 30 ಮಿಲಿಮೀಟರಿಗೆ ಕತ್ತರಿಸುತ್ತೇನೆ. ಸೈನಿಕನೇ 24 ಮಿಲಿಮೀಟರು ಎತ್ತರವಿರುವಾಗ ಇದು ವಿಪರೀತ ಉದ್ದವೆಂದು ಕಾಣುತ್ತದೆ, ಆದರೆ ಸರಿಯಾದದ್ದು ಇದೇ. ಕೋಲಿಗೆ ಹಿತ್ತಾಳೆಯ ತಂತಿಯನ್ನೂ, ತುದಿಗಳಿಗೆ, ಮದ್ದಿನ ಚೀಲಕ್ಕೆ ಮತ್ತು ಬಂದೂಕು ಕಿತ್ತಲ್ಲಿ ಉಳಿದ ಗುಳಿಗಳಿಗೆ ಎರಡು ಭಾಗ ಬೆರೆಸುವ ಎಪಾಕ್ಸಿ ಪುಟ್ಟಿಯನ್ನೂ ಬಳಸಿದೆ.

ಈ ಸೈನಿಕರ ಮೆದು ಪ್ಲಾಸ್ಟಿಕ್ ಸಾಮಾನ್ಯವಾಗಿ ಪಾಲಿಎಥಿಲೀನ್ ಜಾತಿಯದು. ಗಟ್ಟಿ ಪ್ಲಾಸ್ಟಿಕ್ಕಿನ ಮಾದರಿಗಳನ್ನು ಕರಗಿಸಿ ಬೆಸೆಯುವ ಅಂಟು ಇದರ ಮೇಲೆ ಏನೂ ಮಾಡದು, ಸೂಪರ್ ಗ್ಲೂ ಕೂಡ ಬರಿದೇ ಹಚ್ಚಿದರೆ ಸುಲಭವಾಗಿ ಬಿಟ್ಟುಹೋಗುತ್ತದೆ. ನಾನು ಅಂಟನ್ನಷ್ಟೇ ನಂಬಿ ಜೋಡಿಸಿದ ಎರಡು ತೋಳುಗಳು ಮೊದಲ ಆಟದಲ್ಲೇ ಬಿದ್ದುಹೋದವು. ಈಗ ಭುಜಕ್ಕೂ ತೋಳಿಗೂ ಕೈಡ್ರಿಲ್ಲಿನಿಂದ ಅರ್ಧ ಮಿಲಿಮೀಟರಿನ ರಂಧ್ರ ಕೊರೆದು, ನಡುವೆ ತಂತಿಯ ತುಂಡನ್ನು ಸೇರಿಸಿ, ಆಮೇಲೆ ಅಂಟು ಹಾಕುತ್ತೇನೆ. ಭಂಗಿಯ ಬದಲಾವಣೆ ಸಣ್ಣದಾಗಿದ್ದರೆ ಕತ್ತರಿಸುವ ಅಗತ್ಯವಿಲ್ಲ: ಕುದಿಯುವ ಬಿಸಿಯ ನೀರಿನಲ್ಲಿ ಸ್ವಲ್ಪ ಹೊತ್ತು ಅದ್ದಿ, ಚಿಮಟದಲ್ಲಿ ಹಿಡಿದು ಬಗ್ಗಿಸಿ, ಹಿಡಿತ ಬಿಡದೆ ತಣ್ಣೀರಿಗೆ ಇಳಿಸಿದರೆ ತೋಳು ಬಹುಮಟ್ಟಿಗೆ ಹಾಗೆಯೇ ನಿಲ್ಲುತ್ತದೆ. ಬೆಂಕಿಯ ಹತ್ತಿರ ಮಾತ್ರ ಒಯ್ಯಬಾರದು.

ಅಚ್ಚಿನಿಂದ ಬಂದ ಜಿಡ್ಡನ್ನು ಸೋಪಿನ ನೀರಿನಲ್ಲಿ ತೊಳೆದು, ಒಣಗಿಸಿ, ತೆಳುವಾದ ಬಿಳಿ ಅಂಟಿನ ಲೇಪ ಕೊಟ್ಟ ನಂತರವೇ ಬಣ್ಣ ಹಚ್ಚುತ್ತೇನೆ; ಬಾಗಿದರೂ ಬಿರಿಯದ ಅಕ್ರಿಲಿಕ್ ಬಣ್ಣವೇ ಇದಕ್ಕೆ ಯೋಗ್ಯ. ಫಿರಂಗಿಗಾಡಿಗೆ ಬೂದು, ಕಬ್ಬಿಣದ ಭಾಗಗಳಿಗೆ ಕಪ್ಪು, ನಳಿಗೆಗೆ ಹಿತ್ತಾಳೆಯ ಬಣ್ಣ.

ಕೊನೆಗೆ ತಳಹಲಗೆಯ ಮೇಲೆ ನಿಲ್ಲಿಸುವಾಗ ಗಾಡಿಯ ಹಿಂದೆ ನೇರವಾಗಿ ಯಾರನ್ನೂ ಇಡಲಿಲ್ಲ. ಗುಂಡು ಹಾರಿದೊಡನೆ ಫಿರಂಗಿ ಹಿಂದಕ್ಕೆ ಚಿಮ್ಮುತ್ತಿದ್ದುದರಿಂದ ನಿಜವಾದ ಗೋಲಂದಾಜರು ಆಗ ಚಕ್ರಗಳ ಹೊರಗೇ ನಿಲ್ಲುತ್ತಿದ್ದರು. ಬೆಂಕಿ ಮುಟ್ಟಿಸುವವನ ಕೈ ಚಕ್ರದ ಮೇಲಿನಿಂದ ರಂಧ್ರದತ್ತ ಚಾಚುವಂತೆ ಕೂರಿಸಲು ಅವನ ತೋಳನ್ನು ಮೂರು ಸಲ ಬಿಸಿನೀರಿನಲ್ಲಿ ಅದ್ದಬೇಕಾಯಿತು.